ಕಾರವಾರದ ನಡುಗಡ್ಡೆಗಳು: ಒಡೆತನದ ಜಗಳಗಳ ಚರಿತ್ರೆ

ಕಾಳಿ ನದಿಯ ಅಳಿವೆಯ ಆಸುಪಾಸಿನಿಂದ ಬಿಣಗಾ ಕೊಲ್ಲಿಯವರೆಗಿನ ಕಡಲಿನಲ್ಲಿ ಕೂರ್ಮಗಡ, ದೇವಗಡ, ಅಂಜದೀವ ಮತ್ತು ಇನ್ನೂ ಕೆಲವು ಬಂಡೆಗುಡ್ಡಗಳು ತಲೆ ಎತ್ತಿವೆ. ಸಹ್ಯಾದ್ರಿಯ ಕವಲುಗಳು ಕಡಲಿಗಿಳಿದು ಮುಳುಗಿದ ಮೇಲೆ ಉಳಿದ ನೆತ್ತಿಗಳಿವು. ಇವುಗಳಲ್ಲಿ ಈಗ ಊರೆಂಬುದಿಲ್ಲ. ಇಂಥ ನೆಲಕ್ಕಾಗಿ ನೂರಾರು ವರ್ಷ ಬಡಿದಾಡಿದವರಿಗೆ ಬೇಕಾಗಿದ್ದದ್ದು ನೆಲವಲ್ಲ; ಗಾಳಿಮರೆಯಲ್ಲಿ ಹಡಗು ನಿಲ್ಲಿಸುವ ತಾಣ ಮತ್ತು ಅಂಜದೀವದಲ್ಲಿ ಸಿಗುವ ಸಿಹಿನೀರು.

ಅಂಜದೀವ ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಕಿರಿದಾದ ದ್ವೀಪ. ಜಗಳ ಅದರ ಹೆಸರಿನಿಂದಲೇ ಶುರುವಾಗುತ್ತದೆ. ಮಲಯಾಳ ಕರಾವಳಿಯ ನಾವಿಕರ ಬಾಯಲ್ಲಿ ‘ಅಂಜು’ ಎಂದರೆ ಐದು. ಹಾಗಾಗಿ ಐದು ದ್ವೀಪಗಳ ಗುಂಪಿಗೆ ಈ ಹೆಸರು ಬಂತೆಂಬುದು ಒಂದು ವಾದ. ದ್ವೀಪದಲ್ಲಿದ್ದ ಆರ್ಯಾದುರ್ಗೆಯ ಹೆಸರೇ ಸವೆದು ಹೀಗಾಯಿತೆಂಬುದು ಇನ್ನೊಂದು. ಆ ದೇವಿಯನ್ನು ಅಂಕೋಲೆಗೆ ತಂದು ನೆಲೆಗೊಳಿಸಿದರೆಂಬ ನಂಬಿಕೆ ಈ ಭಾಗದಲ್ಲಿ ಗಟ್ಟಿಯಾಗಿದೆ. ಕನ್ನಡದ ‘ಅಂಜು’ವಿಗೂ ಇದಕ್ಕೂ ಸಂಬಂಧವಿಲ್ಲ, ಮುಂದಿನ ಚರಿತ್ರೆ ಓದಿದವರಿಗೆ ಹಾಗನ್ನಿಸಿದರೂ. 14ನೇ ಶತಮಾನದಲ್ಲಿ ಇಬ್ನ್ ಬತೂತ ಗೋವೆಯ ಬಳಿಯ ಒಂದು ದ್ವೀಪದಲ್ಲಿ ಗುಡಿ, ತೋಟ, ಕೆರೆ ಮತ್ತು ಒಬ್ಬ ಜೋಗಿಯನ್ನು ಕಂಡುದಾಗಿ ಬರೆದಿದ್ದಾನೆ. ಅದು ಅಂಜದೀವವೇ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ.

ವಾಸ್ಕೋ ಡ ಗಾಮ 1498ರ ಸೆಪ್ಟೆಂಬರಿನಲ್ಲಿ, ಕಲ್ಲಿಕೋಟೆಯಿಂದ ಮರಳುವಾಗ, ಇಲ್ಲಿ ಲಂಗರು ಹಾಕಿದ. 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಫ್ರಾನ್ಸಿಸ್ಕೊ ಡಿ ಅಲ್ಮೇಡ ಇಲ್ಲಿ ಕೋಟೆಯನ್ನೇ ಎಬ್ಬಿಸಿದ. ಗೋವೆ ಆಗ ಬಿಜಾಪುರದವರ ಕೈಯಲ್ಲಿತ್ತು. ಅಲ್ಲಿಂದ ದಾಳಿ ಬಂದಾಗ, ಕಟ್ಟಿದ ಮರುವರ್ಷವೇ ಪೋರ್ಚುಗೀಸರು ಕೋಟೆಯನ್ನು ತಾವೇ ಕೆಡವಿ ಹೊರಟರು. 1510ರಲ್ಲಿ ಗೋವೆಯೇ ದಕ್ಕಿದ ಮೇಲೆ ಈ ದ್ವೀಪದ ಮೇಲಿನ ಆಸೆ ತಣ್ಣಗಾಯಿತು.

ಇಂಗ್ಲಿಷರ ಸರದಿ ವಿಚಿತ್ರವಾದುದು. ಪೋರ್ಚುಗೀಸ್ ರಾಜಕುಮಾರಿಯೊಂದಿಗಿನ 1661ರ ಮದುವೆ ಒಪ್ಪಂದದಲ್ಲಿ ಎರಡನೆಯ ಚಾರ್ಲ್ಸ್ ದೊರೆಗೆ ಮುಂಬಯಿ ಬಳುವಳಿಯಾಗಿ ಬಂದಿತ್ತು. ಅದನ್ನು ವಶಕ್ಕೆ ಪಡೆಯಲು ಅಬ್ರಹಾಂ ಶಿಪ್‌ಮನ್ ನೂರಾರು ಸೈನಿಕರೊಂದಿಗೆ ಬಂದರೆ, ಅಲ್ಲಿನ ಪೋರ್ಚುಗೀಸರು ನೆವ ಹೇಳಿ ಬಿಟ್ಟುಕೊಡಲಿಲ್ಲ. ಹೋಗಲು ಜಾಗವಿಲ್ಲದ ಆ ದಂಡು ಅಂಜದೀವದಲ್ಲಿ ಇಳಿಯಿತು. ಮಳೆ, ಜ್ವರ, ಭೇದಿ ಸೇರಿ ಎರಡು ವರ್ಷಗಳಲ್ಲಿ ಬಹುಪಾಲು ಜನ ಸತ್ತರು. 1664ರಲ್ಲಿ ಶಿಪ್‌ಮನ್ ಕೂಡ ತೀರಿಕೊಂಡ. 1665ರಲ್ಲಿ ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಮುಂಬಯಿಯನ್ನು ವಹಿಸಿಕೊಂಡಾಗ ಅವನ ಜೊತೆ ಉಳಿದಿದ್ದವರು ನೂರರ ಆಸುಪಾಸು. ಬ್ರಿಟಿಷ್ ಮುಂಬಯಿಯ ಮೊದಲ ಅಧ್ಯಾಯ ನಡೆದದ್ದು ಕಾರವಾರದ ಎದುರಿನ ಈ ಗುಡ್ಡದ ಮೇಲೆ ಎಂಬುದನ್ನು ಮುಂಬಯಿಯ ಚರಿತ್ರೆಗಳು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ.

1682ರಲ್ಲಿ ಮರಾಠರ ಸಂಭಾಜಿ ಈ ದ್ವೀಪದ ಮೇಲೆ ಕಣ್ಣಿಟ್ಟಾಗ ಪೋರ್ಚುಗೀಸರು ಮತ್ತೆ ಬಂದು ಕೋಟೆ ಕಟ್ಟಿದರು. ಮುಂದೆ ಅದು ಗೋವೆಯ ಕೈದಿಗಳನ್ನು ಗಡೀಪಾರು ಮಾಡುವ ಜಾಗವೂ ಆಯಿತು. ಎದುರಿನ ದಡದಲ್ಲಿ ಸೋಂದೆಯ ಅರಸರು, ಹೈದರ್, ಟಿಪ್ಪು, ಇಂಗ್ಲಿಷರು ಒಬ್ಬರ ಹಿಂದೊಬ್ಬರು ಬಂದುಹೋದರೂ ಅಂಜದೀವ ಮಾತ್ರ ಗೋವೆಯ ಬಾಲದಂತೆ ಉಳಿಯಿತು.

ದೇವಗಡದ ಕಥೆಗೆ ಹುಬ್ಬಳ್ಳಿ-ಧಾರವಾಡದ ನಂಟಿದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಅಲ್ಲಿಯ ಅರಳೆ ನಿಂತುಹೋದಾಗ ಲ್ಯಾಂಕಾಶೈರಿನ ಗಿರಣಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಘಟ್ಟ ಇಳಿಸಿ ಹಡಗಿಗೇರಿಸಲು ಕಾರವಾರವೇ ಹತ್ತಿರ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಲೆಕ್ಕವಿತ್ತು. 1864ರಲ್ಲಿ ದೇವಗಡದ ನೆತ್ತಿಯ ಮೇಲೆ ದೀಪಸ್ತಂಭ ನಿಂತದ್ದೂ ಆ ಕಾಲದಲ್ಲೇ. ಆದರೆ 1880ರ ದಶಕದಲ್ಲಿ ರೈಲು ಮರ್ಮಗೋವಾ ಬಂದರಿನ ದಾರಿ ಹಿಡಿಯಿತು. ಹತ್ತಿಯೂ ಅದರ ಹಿಂದೆಯೇ ಹೋಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಇಂದಿಗೂ ಬಂದಿಲ್ಲ.

ಅಂಜದೀವದ ಕೊನೆಯ ಕಾಳಗ 1961ರದು. ನವೆಂಬರಿನಲ್ಲಿ ಪೋರ್ಚುಗೀಸ್ ಕಾವಲುಪಡೆ ಭಾರತದ ‘ಸಾಬರಮತಿ’ ಪ್ರಯಾಣಿಕ ಹಡಗಿನ ಮೇಲೆ ಗುಂಡು ಹಾರಿಸಿತು. ಆ ದಿನಗಳಲ್ಲೇ ಕಾರವಾರದ ಮೀನುಗಾರನೊಬ್ಬನೂ ಗುಂಡಿಗೆ ಬಲಿಯಾದ. ಗೋವಾ ವಿಮೋಚನೆಯ ಭಾಗವಾಗಿ ಡಿಸೆಂಬರ್ 18ರ ಬೆಳಿಗ್ಗೆ ‘ತ್ರಿಶೂಲ್’ ಮತ್ತು ‘ಮೈಸೂರು’ ಯುದ್ಧನೌಕೆಗಳು ದ್ವೀಪವನ್ನು ಸಮೀಪಿಸಿದವು. ದಡ ಹತ್ತಿದ ನೌಕಾಪಡೆಯ ತುಕಡಿಯಲ್ಲಿ ಏಳು ಮಂದಿ ಮಡಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ದ್ವೀಪ ಕೈವಶವಾಯಿತು.

1986ರಲ್ಲಿ ಕಾರವಾರದಲ್ಲಿ ನೌಕಾನೆಲೆ ಕಟ್ಟುವ ‘ಸೀಬರ್ಡ್’ ಯೋಜನೆಗೆ ಅಡಿಗಲ್ಲು ಬಿತ್ತು. 2005ರ ಮೇ 31ರಂದು ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಅಲೆತಡೆ ಗೋಡೆಯೊಂದು ಅಂಜದೀವವನ್ನು ಕರ್ನಾಟಕದ ದಡಕ್ಕೆ ಜೋಡಿಸಿದೆ, ಕಂದಾಯ ದಾಖಲೆಯಲ್ಲಿ ಮಾತ್ರ ಅದು ಗೋವಾದ ಕಾಣಕೋಣ ತಾಲ್ಲೂಕಿನದು. ದ್ವೀಪದ ಬ್ರೋತಸ್ ಮಾತೆಯ ಇಗರ್ಜಿಯ ಹಬ್ಬಕ್ಕೆ ದೋಣಿಯಲ್ಲಿ ಬರುತ್ತಿದ್ದ ಗೋವಾದ ಕ್ರೈಸ್ತರಿಗೆ ನೌಕಾನೆಲೆಯ ನಿರ್ಬಂಧ ಅಡ್ಡಬಂತು.

ಕೂರ್ಮಗಡಕ್ಕೆ ಮಾತ್ರ ಜನ ಇನ್ನೂ ಹೋಗುತ್ತಾರೆ. ವರ್ಷಕ್ಕೊಮ್ಮೆ ಪುಷ್ಯ ಹುಣ್ಣಿಮೆಯ ನರಸಿಂಹ ಜಾತ್ರೆಗೆ ಬಾಳೆಗೊನೆ ಹೊತ್ತ ಭಕ್ತರಿಂದ ದೋಣಿಗಳು ತುಂಬಿರುತ್ತವೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಸತ್ತರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯವರು.