ನಾಗಪುರದ ಗವಾಕ್ಷಿ: ಝಳ, ಕೂಲರ್ ಮತ್ತು ಉಸಿರಿನ ಲೆಕ್ಕ

ಮೇ 25ರ ಸುಮಾರಿಗೆ ಸೂರ್ಯ ರೋಹಿಣಿ ನಕ್ಷತ್ರಕ್ಕೆ ಬರುತ್ತಾನೆ. ಕರ್ನಾಟಕದ ರೈತನಿಗೆ ಅದು ಮಳೆ, ಬಿತ್ತನೆಯ ಲೆಕ್ಕ. ನಾಗಪುರದವರಿಗೆ ಅದೇ ‘ನೌತಪಾ’, ಅಂದರೆ ಒಂಬತ್ತು ದಿನಗಳ ಉರಿ. 2013ರ ಮೇ 23ರಂದು ಇಲ್ಲಿನ ಉಷ್ಣಾಂಶ 47.9 ಡಿಗ್ರಿ ಮುಟ್ಟಿತ್ತು. 2024ರ ಮೇ ಕೊನೆಯಲ್ಲಿ ಒಂದು ಸ್ವಯಂಚಾಲಿತ ಮಾಪನ ಕೇಂದ್ರ 56 ಡಿಗ್ರಿ ತೋರಿಸಿ ಸುದ್ದಿಯಾಯಿತು. ಅದು ಉಪಕರಣದ ದೋಷವೆಂದು ಹವಾಮಾನ ಇಲಾಖೆ ಆಮೇಲೆ ತಿಳಿಸಿತು. ಇಂಥ ಊರಿನಲ್ಲಿ ಗೋಡೆಯ ಮೇಲ್ಭಾಗದ ಗವಾಕ್ಷಿಗೆ ರಟ್ಟು ತುರುಕುವುದೋ, ಇಟ್ಟಿಗೆ ಇಟ್ಟು ಗಿಲಾವು ಬಳಿಯುವುದೋ ಯಾರಿಗೂ ತಪ್ಪೆನಿಸುವುದಿಲ್ಲ. ಬಿಸಿಗಾಳಿ, ಧೂಳು, ಪಾರಿವಾಳ, ಸೊಳ್ಳೆ ಎಲ್ಲಕ್ಕೂ ಅದೇ ಬಾಗಿಲು.

ಆದರೆ ಆ ಕಿಂಡಿಯಿಂದ ಒಳಬರುವ ಶಾಖ ಎಷ್ಟು?

ಹತ್ತು ಅಡಿ ಉದ್ದಗಲ, ಅಷ್ಟೇ ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಹಿಡಿಯುತ್ತದೆ. ಹೊರಗೆ 45 ಡಿಗ್ರಿ, ಒಳಗೆ 33 ಡಿಗ್ರಿ ಇದ್ದು, ಗಂಟೆಗೊಮ್ಮೆ ಕೋಣೆಯ ಗಾಳಿಯೆಲ್ಲ ಬದಲಾಗುತ್ತದೆ ಎಂದುಕೊಳ್ಳೋಣ. ಆಗ ಒಳಬರುವ ಶಾಖ ಸುಮಾರು 100 ವ್ಯಾಟ್. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈಯಿಂದ ಹೊರಡುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಅದೇ ಕೋಣೆಯ ತಾರಸಿಯ ಒಂಬತ್ತು ಚದರ ಮೀಟರ್ ಮೇಲೆ ಮೇ ತಿಂಗಳ ನಡುಹಗಲಿನಲ್ಲಿ ಬೀಳುವ ಬಿಸಿಲು ಎಂಟೊಂಬತ್ತು ಸಾವಿರ ವ್ಯಾಟ್! ಅದರ ಒಂದು ಪಾಲನ್ನು ಕಾಂಕ್ರೀಟ್ ಹೀರಿಕೊಂಡು, ಹೊತ್ತು ಮುಳುಗಿದ ಮೇಲೆ ಮಲಗಿದವರ ಮೇಲೆ ನಿಧಾನವಾಗಿ ಕಾರುತ್ತದೆ. ಮನೆ ತಂಪಾಗಿಸಲು ಹೊರಟವರು ಮೊದಲು ನೋಡಬೇಕಾದದ್ದು ತಾರಸಿಯನ್ನು. ಸುಣ್ಣದ ಬಿಳಿ ಲೇಪಕ್ಕೆ ಅಲ್ಲಿ ಕೆಲಸವಿದೆ. ಹಗಲು ಹನ್ನೊಂದರಿಂದ ಸಂಜೆಯವರೆಗೆ ಗವಾಕ್ಷಿ ಮುಚ್ಚಿದರೆ ಸ್ವಲ್ಪ ಲಾಭ ಉಂಟು, ನಿಜ. ರಾತ್ರಿ ಹೊರಗಿನ ಗಾಳಿ ತಣಿದಾಗಲೂ ಅದು ಮುಚ್ಚಿಯೇ ಇದ್ದರೆ ಆ ಲಾಭಕ್ಕಿಂತ ನಷ್ಟವೇ ಹೆಚ್ಚು, ಏಕೆಂದರೆ ತಾರಸಿ ಕಾರಿದ ಬಿಸಿ ಮೇಲೇರಿ ಹೋಗಲು ಇದ್ದ ದಾರಿಯೇ ಅದು.

ನಾಗಪುರದ ವಿಚಾರದಲ್ಲಿ ಈ ಲೆಕ್ಕವನ್ನು ತಲೆಕೆಳಗು ಮಾಡುವ ಇನ್ನೊಂದು ವಸ್ತುವಿದೆ: ಕಿಟಕಿಗೆ ಆನಿಸಿ ನಿಲ್ಲಿಸಿದ ತಗಡಿನ ಕೂಲರ್. ಬೇಸಿಗೆ ಹತ್ತಿರವಾಗುತ್ತಲೇ ಅದರ ಹಳೆಯ ಪ್ಯಾಡ್ ಕಿತ್ತು ಹೊಸ ಮರದ ಹೆರೆ ಅಥವಾ ಲಾವಂಚ ತುಂಬುತ್ತಾರೆ. ಹೊರಗೆ 43 ಡಿಗ್ರಿ, ಆರ್ದ್ರತೆ ಶೇ. 15 ಇದ್ದರೆ ಒದ್ದೆ ಬಟ್ಟೆ ಸುತ್ತಿದ ತಾಪಮಾಪಕ ಸುಮಾರು 23 ಡಿಗ್ರಿ ತೋರಿಸುತ್ತದೆ. ಚೆನ್ನಾಗಿ ನೆನೆದ ಪ್ಯಾಡ್ ಆ ಅಂತರದ ಮುಕ್ಕಾಲು ಭಾಗವನ್ನಾದರೂ ಇಳಿಸಬಲ್ಲದು. ಎಂದರೆ ಒಳಗೆ ಬೀಸುವ ಗಾಳಿ 28 ಡಿಗ್ರಿಯ ಆಸುಪಾಸು. ಆದರೆ ಬಂದ ಗಾಳಿ ಹೊರಗೂ ಹೋಗಬೇಕು. ನಿಮಿಷಕ್ಕೆ 1000 ಘನ ಅಡಿ ಗಾಳಿ ತಳ್ಳುವ ಕೂಲರಿಗೆ ಒಂದರಿಂದ ಎರಡು ಚದರ ಅಡಿ ನಿರ್ಗಮನದ ಜಾಗ ಬೇಕೆಂಬುದು ಈ ಯಂತ್ರದ ರೂಢಿಯ ಅಳತೆ. ಎದುರು ಗೋಡೆಯ ಗವಾಕ್ಷಿ ಮುಚ್ಚಿದ ಕೋಣೆಯಲ್ಲಿ ತೇವ ಏರುತ್ತದೆ, ಬೆವರು ಆರುವುದಿಲ್ಲ, ಹಾಸಿಗೆ ಜಿಗುಟಾಗುತ್ತದೆ. ಬೈಗುಳ ಮಾತ್ರ ಕೂಲರಿಗೆ. ಜುಲೈನಲ್ಲಿ 31 ಡಿಗ್ರಿ, ಶೇ. 80 ಆರ್ದ್ರತೆಯಿದ್ದಾಗ ಅದೇ ಯಂತ್ರ ಎರಡು ಡಿಗ್ರಿಗಿಂತ ಹೆಚ್ಚು ಇಳಿಸಲಾರದು. ಆಗಂತೂ ತೆರೆದ ಕಿಂಡಿ, ಫ್ಯಾನುಗಳೇ ಗತಿ.

ಎಸಿ ಹಾಕಿಸಿದವರ ವಾದ ಬೇರೆ. ತಂಪು ಸೋರಬಾರದೆಂದು ಅವರು ಗವಾಕ್ಷಿ ಮುಚ್ಚುತ್ತಾರೆ. ಗೋಡೆಗೆ ತಗುಲಿಸುವ ಸಾಮಾನ್ಯ ಸ್ಪ್ಲಿಟ್ ಎಸಿ ಹೊಸ ಗಾಳಿ ತರುವುದಿಲ್ಲ, ಒಳಗಿನದನ್ನೇ ಮತ್ತೆ ಮತ್ತೆ ತಣಿಸುತ್ತದೆ. ನಿದ್ದೆಯಲ್ಲಿರುವ ವ್ಯಕ್ತಿ ಗಂಟೆಗೆ ಸುಮಾರು 12 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. ಮೇಲೆ ಲೆಕ್ಕ ಹಾಕಿದ ಕೋಣೆಯಲ್ಲಿ ಇಬ್ಬರು ಮಲಗಿ, ಒಂದು ಸಂದೂ ಇಲ್ಲದಂತೆ ಮುಚ್ಚಿದರೆ ಅದರ ಪ್ರಮಾಣ ಗಂಟೆಗೆ ದಶಲಕ್ಷಕ್ಕೆ 850 ಭಾಗದಷ್ಟು ಏರುತ್ತದೆ. ಮ್ಯೂನಿಕ್‌ನ ನೈರ್ಮಲ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲಿಯೇ ಒಳಾಂಗಣಕ್ಕೆ ದಶಲಕ್ಷಕ್ಕೆ 1000 ಭಾಗ ಎಂಬ ಮಿತಿ ಸೂಚಿಸಿದ್ದ. ಗಾಳಿಯಲ್ಲಿ ಮೊದಲೇ ಇದ್ದದ್ದೂ ಸೇರಿ ಆ ಮಿತಿ ಮೊದಲ ಗಂಟೆಯೊಳಗೇ ದಾಟಿಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವಾಸದ ಮನೆಗಳಿಗೆ ಹೇಳಿದ ಕನಿಷ್ಠ ಪ್ರಮಾಣ, ತಲೆಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ.

ಹೊಸ ಗಾಳಿಯ ವಿಷಯದಲ್ಲಿ ಎತ್ತರದ ಸೂರಿನ ಹಳೆಯ ಕಟ್ಟಡಗಳು ಗೆಲ್ಲುತ್ತವೆ. ಪೆರುವಿನ ಲಿಮಾ ನಗರದ ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಿಟಕಿ ಬಾಗಿಲು ತೆರೆದಾಗ ದೊಡ್ಡ ಕಿಟಕಿಗಳ ಹಳೆಯ ಕಟ್ಟಡಗಳಲ್ಲಿ ಗಾಳಿ ಗಂಟೆಗೆ 40 ಬಾರಿ ಬದಲಾಗುತ್ತಿತ್ತು. ಹೊಸ ಕಟ್ಟಡಗಳಲ್ಲಿ 17 ಬಾರಿ. ಗಾಳಿ ಹೆಚ್ಚು ಬಾರಿ ಬದಲಾದಷ್ಟೂ ಕ್ಷಯದಂಥ, ಗಾಳಿಯಲ್ಲಿ ಹರಡುವ ರೋಗದ ಅಪಾಯ ಇಳಿಯುತ್ತದೆ. ವಿಜಯಪುರ, ಕಲಬುರಗಿ ಕಡೆಯ ಮಣ್ಣಿನ ಮಾಳಿಗೆಯ ಬೆಳಕಿಂಡಿಯನ್ನೂ ನೆನೆಯಬಹುದು: ಮಳೆ ಬಂದರೆ ಮುಚ್ಚಳ, ನಿಂತರೆ ಮತ್ತೆ ಬಯಲು. ಇಟ್ಟಿಗೆ ಇಟ್ಟು ಮುಚ್ಚಿದ ಗವಾಕ್ಷಿಗೆ ಈ ಅನುಕೂಲವಿಲ್ಲ.

ಸೊಳ್ಳೆಯ ಆಕ್ಷೇಪಕ್ಕೆ ಉತ್ತರ ಸಣ್ಣ ಕಣ್ಣಿನ ಜಾಲರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ನೀರಿನಲ್ಲಿ ಮರಿ ಮಾಡುತ್ತದೆ, ಕೂಲರಿನ ತೊಟ್ಟಿ ಅದಕ್ಕೆ ಹೇಳಿ ಮಾಡಿಸಿದ ತಾಣ. ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ ಉಜ್ಜದೆ ಗವಾಕ್ಷಿಯನ್ನಷ್ಟೇ ಮುಚ್ಚಿದರೆ ಸೊಳ್ಳೆ ಕೂಲರಿನ ದಾರಿಯಲ್ಲೇ ಬರುತ್ತದೆ.

ಅತಿ ಅಪಾಯದ ಮುಚ್ಚುವಿಕೆ ನಡೆಯುವುದು ಮಾತ್ರ ಬೇಸಿಗೆಯಲ್ಲಲ್ಲ. 2018ರ ಡಿಸೆಂಬರ್ 29ರಂದು ಇದೇ ನಾಗಪುರ 3.5 ಡಿಗ್ರಿಗೆ ಇಳಿದಿತ್ತು. ಅಂಥ ಮುಂಜಾವಿನಲ್ಲಿ ಸ್ನಾನದ ಮನೆಯ ಕಿಂಡಿಗೆ ಬಟ್ಟೆ ತುರುಕಿ ಗ್ಯಾಸ್ ಗೀಸರ್ ಹಚ್ಚುವವರಿದ್ದಾರೆ. ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಅರೆಬರೆ ಉರಿದು, ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮೊನಾಕ್ಸೈಡ್ ಹುಟ್ಟುತ್ತದೆ. ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಲವಾಗಿ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಮಲಗುವ ಕೋಣೆಯ ಗವಾಕ್ಷಿಗೆ ಜಾಲರಿಯೂ ಹೊತ್ತು ನೋಡಿ ಎಳೆಯಬಲ್ಲ ಮುಚ್ಚಳವೂ ಸಾಕು. ಸ್ನಾನದ ಮನೆಯದಕ್ಕೆ ಜಾಲರಿ ಮಾತ್ರ, ಮುಚ್ಚಳವಿಲ್ಲ. ಗೀಸರನ್ನು ಹೊರಗೋಡೆಗೆ ಸಾಗಿಸಿದರೆ ಇನ್ನೂ ಲೇಸು.