ಬೆಕ್ಕಿನ ಪಾದಕ್ಕೆ ಗಾಯವಾದಾಗ: ಮಾಡಬೇಕಾದದ್ದು, ಮಾಡಬಾರದ್ದು

ರಾತ್ರಿಯಿಡೀ ಹೊರಗೆ ಅಲೆದ ಬೆಕ್ಕು ಬೆಳಿಗ್ಗೆ ಕುಂಟುತ್ತಾ ಮರಳುವುದು ಬೆಕ್ಕು ಸಾಕಿದ ಮನೆಗಳಲ್ಲಿ ಅಪರೂಪದ ಸಂಗತಿಯೇನಲ್ಲ. ‘ಅದೇ ನೆಕ್ಕಿಕೊಂಡು ವಾಸಿ ಮಾಡಿಕೊಳ್ಳುತ್ತದೆ’ ಎಂದು ಕೆಲವರು ಸುಮ್ಮನಾಗುತ್ತಾರೆ. ಇನ್ನು ಕೆಲವರು ಮರುಕಗೊಂಡು ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಪುಡಿಮಾಡಿ ಹಾಲಿನಲ್ಲಿ ಬೆರೆಸಿ ಕುಡಿಸುತ್ತಾರೆ. ಮೊದಲನೆಯದರಿಂದ ಕಾಲು ಹೋಗಬಹುದು. ಎರಡನೆಯದರಿಂದ ಪ್ರಾಣವೇ ಹೋಗಬಹುದು. ಗಾಯಗೊಂಡ ಪಾದದ ಆರೈಕೆಯಲ್ಲಿ ಮೊದಲು ತಿಳಿಯಬೇಕಾದ ಸಂಗತಿ ಇದು.

ಪಾದದ ರಚನೆ

ಬೆಕ್ಕು ಬೆರಳುಗಳ ಮೇಲೆ ನಡೆಯುವ ಪ್ರಾಣಿ. ಮುಂಗಾಲುಗಳಲ್ಲಿ ತಲಾ 5, ಹಿಂಗಾಲುಗಳಲ್ಲಿ ತಲಾ 4ರಂತೆ ಸಾಮಾನ್ಯವಾಗಿ ಒಟ್ಟು 18 ಉಗುರುಗಳಿರುತ್ತವೆ. ಅಂಗಾಲಿನ ಮೆತ್ತೆಗಳಲ್ಲಿ ನರಗಳು, ರಕ್ತನಾಳಗಳು ದಟ್ಟವಾಗಿದ್ದು, ಬೆವರಿನ ಗ್ರಂಥಿಗಳೂ ಅಲ್ಲಿಯೇ ಇವೆ. ಆದುದರಿಂದ ಮೆತ್ತೆ ಸೀಳಿದರೆ ರಕ್ತ ಹೆಚ್ಚು ಹರಿಯುತ್ತದೆ. ಪ್ರತಿ ಹೆಜ್ಜೆಗೂ ದೇಹದ ಭಾರ ಬಿದ್ದು ಗಾಯದ ಬಾಯಿ ತೆರೆದುಕೊಳ್ಳುವುದರಿಂದ ಅದು ಮಾಯಲು ಬೇರೆಡೆಯ ಗಾಯಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.

ಕಾರಣಗಳು ಹಲವು. ಗಾಜಿನ ಚೂರು, ಒಡೆದ ಹೆಂಚು, ಮುಳ್ಳು, ಇಲಿಬೋನು, ಇಲಿ ಹಿಡಿಯುವ ಅಂಟಿನ ಹಲಗೆ, ಬೆರಳಿಗೆ ಸುತ್ತಿಕೊಂಡ ದಾರ, ಬಾಗಿಲ ಸಂದಿ ಇವು ಸಾಮಾನ್ಯ. ಸೌದೆ ಒಲೆಯಿರುವ ಮನೆಗಳಲ್ಲಿ ಬೆಚ್ಚಗಿನ ಬೂದಿಯನ್ನು ಅರಸಿ ಬಂದ ಬೆಕ್ಕು ಕೆಂಡ ತುಳಿಯುವುದುಂಟು. ಮುದಿ ಬೆಕ್ಕುಗಳಲ್ಲಿ ಸವೆಯದ ಉಗುರು ಬಾಗಿ ಬೆಳೆದು ಮೆತ್ತೆಯೊಳಗೇ ಚುಚ್ಚಿಕೊಳ್ಳುತ್ತದೆ. ಆದರೆ ಹೆಚ್ಚು ಮೋಸಗೊಳಿಸುವ ಗಾಯವೆಂದರೆ ಮತ್ತೊಂದು ಬೆಕ್ಕಿನ ಕಡಿತ. ಸೂಜಿಯಂಥ ಹಲ್ಲು ಮಾಡಿದ ಸಣ್ಣ ರಂಧ್ರ ಬೇಗನೆ ಮುಚ್ಚಿಕೊಳ್ಳುತ್ತದೆ. ಒಳಗೆ ಉಳಿದ ರೋಗಾಣುಗಳಿಂದ ಕೆಲವು ದಿನಗಳಲ್ಲಿ ಕೀವು ತುಂಬಿ ಪಾದ ಊದಿಕೊಳ್ಳುತ್ತದೆ.

ಪರೀಕ್ಷಿಸುವ ಬಗೆ

ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೂ ಕಚ್ಚಬಹುದು. ಆದುದರಿಂದ ದಪ್ಪ ಟವೆಲಿನಲ್ಲಿ ಮೈಯನ್ನು ಸುತ್ತಿ, ತಲೆ ಮತ್ತು ಗಾಯವಾದ ಕಾಲನ್ನು ಮಾತ್ರ ಹೊರಗಿಡಬೇಕು. ಒಬ್ಬರು ಹಿಡಿದುಕೊಂಡು ಮತ್ತೊಬ್ಬರು ನೋಡುವುದು ಒಳ್ಳೆಯದು. ಬೆಳಕಿನಲ್ಲಿ ಮೆತ್ತೆ, ಬೆರಳ ಸಂದಿ, ಉಗುರಿನ ಬುಡ ಇವಿಷ್ಟನ್ನೂ ಗಮನಿಸಿ, ಎದುರಿನ ಪಾದದೊಂದಿಗೆ ಹೋಲಿಸಿದರೆ ಬಾವು ಸುಲಭವಾಗಿ ತಿಳಿಯುತ್ತದೆ.

ಪ್ರಥಮ ಚಿಕಿತ್ಸೆ

ರಕ್ತ ಸೋರುತ್ತಿದ್ದರೆ ಶುಭ್ರವಾದ ಬಟ್ಟೆಯನ್ನಿಟ್ಟು 5 ನಿಮಿಷ ಒಂದೇ ಸಮನೆ ಒತ್ತಿ ಹಿಡಿಯಬೇಕು. ನಡುನಡುವೆ ಎತ್ತಿ ನೋಡಿದರೆ ಹೆಪ್ಪುಗಟ್ಟಿದ ರಕ್ತ ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನು ಇಡಬೇಕು. ಕಾಲಿನ ಮೇಲ್ಭಾಗಕ್ಕೆ ದಾರ ಬಿಗಿಯುವುದು ಅಪಾಯಕಾರಿ.

ರಕ್ತ ನಿಂತ ಬಳಿಕ, ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಕರಗಿಸಿ ಆ ನೀರನ್ನು ಗಾಯದ ಮೇಲೆ ಹರಿಸಿ ಮಣ್ಣು, ಕಸ ತೊಳೆಯಬೇಕು. ಪೊವಿಡೋನ್ ಅಯೋಡಿನ್ ದ್ರಾವಣವಿದ್ದರೆ ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಬಳಸಬಹುದು. ಮೇಲೆಯೇ ಕಾಣುವ ಸಣ್ಣ ಮುಳ್ಳನ್ನು ಚಿಮಟದಿಂದ ತೆಗೆಯಬಹುದು. ಆಳಕ್ಕೆ ನೆಟ್ಟದ್ದನ್ನು ಕೀಳಬಾರದು. ಸುಟ್ಟ ಗಾಯವಾದರೆ ಕನಿಷ್ಠ 10 ನಿಮಿಷ ತಣ್ಣೀರು ಹರಿಸಬೇಕು. ಬೆಣ್ಣೆ, ತುಪ್ಪ, ಟೂತ್‌ಪೇಸ್ಟ್ ಯಾವುದೂ ಕೂಡದು. ಅಂಟಿನ ಹಲಗೆಗೆ ಸಿಕ್ಕಿದ ಪಾದವನ್ನು ಎಳೆಯದೆ ಅಡುಗೆ ಎಣ್ಣೆ ಸವರಿ ನಿಧಾನವಾಗಿ ಬಿಡಿಸಬೇಕು. ಈ ಕೆಲಸಕ್ಕೆ ಸೀಮೆಎಣ್ಣೆ ಬಳಸಬಾರದು.

ಮನೆಯ ಔಷಧವೇ ವಿಷವಾಗುವಾಗ

ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಮನುಷ್ಯನ ದೇಹ ಈ ಔಷಧವನ್ನು ವಿಸರ್ಜಿಸಲು ಬಳಸುವ ಯಕೃತ್ತಿನ ಒಂದು ಕಿಣ್ವ ಬೆಕ್ಕಿನಲ್ಲಿ ತೀರಾ ಕಡಿಮೆ. ಹೀಗಾಗಿ 500 ಮಿಲಿಗ್ರಾಂ ಮಾತ್ರೆಯ ಅರ್ಧಭಾಗವೂ ವಯಸ್ಕ ಬೆಕ್ಕಿಗೆ ಮಾರಕವಾಗಬಹುದು. ರಕ್ತ ಆಮ್ಲಜನಕವನ್ನು ಸಾಗಿಸುವ ಶಕ್ತಿ ಕಳೆದುಕೊಂಡು ವಸಡು ಕಂದು ಅಥವಾ ನೀಲಿ ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದಗಳು ಊದಿಕೊಳ್ಳುತ್ತವೆ, ಉಸಿರು ಕಟ್ಟುತ್ತದೆ. ತಿಳಿಯದೆ ಕೊಟ್ಟಿದ್ದರೆ ಲಕ್ಷಣಕ್ಕಾಗಿ ಕಾಯದೆ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಪ್ರತ್ಯೌಷಧ ಇದೆ, ಆದರೆ ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್, ಆಸ್ಪಿರಿನ್ ಮಾತ್ರೆಗಳನ್ನೂ ಮನೆಯಲ್ಲಿ ಕೊಡಬಾರದು.

ಹಚ್ಚುವ ಔಷಧದಲ್ಲಿಯೂ ಎಚ್ಚರ ಅಗತ್ಯ. ಬೆಕ್ಕು ಪಾದಕ್ಕೆ ಹಚ್ಚಿದ್ದೆಲ್ಲವನ್ನೂ ನೆಕ್ಕುತ್ತದೆ. ಫಿನಾಯಿಲ್, ಡೆಟಾಲ್‌ನಂತಹ ದ್ರವಗಳು, ಕರ್ಪೂರ, ದನದ ಹುಣ್ಣಿನ ಹುಳುವಿಗೆ ಬಳಸುವ ಟರ್ಪೆಂಟೈನ್ ಇವು ಬೆಕ್ಕಿನ ಬಾಯಿ, ಹೊಟ್ಟೆ, ನರಮಂಡಲಗಳಿಗೆ ಹಾನಿಕರ. ಕಾಫಿಪುಡಿ, ಸುಣ್ಣ, ಅರಿಶಿನದ ಪುಡಿ ತುಂಬಿದರೆ ಗಾಯದೊಳಗೆ ಕೊಳೆ ಉಳಿದು ವೈದ್ಯರಿಗೆ ಶುಚಿಗೊಳಿಸುವುದೂ ಕಷ್ಟವಾಗುತ್ತದೆ.

ತಡಮಾಡಬಾರದ ಸಂದರ್ಭಗಳು

10 ನಿಮಿಷ ಒತ್ತಿದರೂ ರಕ್ತ ನಿಲ್ಲದಿರುವುದು, ಎಲುಬು ಕಾಣುವುದು, ಕಾಲು ವಕ್ರವಾಗಿರುವುದು, ಕಾಲನ್ನು ನೆಲಕ್ಕೆ ಊರಲೇ ಆಗದಿರುವುದು, ಕೀವು ಅಥವಾ ದುರ್ವಾಸನೆ, ಬೆರಳಿಗೆ ದಾರ ಬಿಗಿದಿರುವುದು, ಪ್ರಾಣಿ ಕಚ್ಚಿರುವುದು ಇವೆಲ್ಲ ಅದೇ ದಿನ ಚಿಕಿತ್ಸೆ ಬೇಡುವಂಥವು. ಮಳೆಗಾಲದಲ್ಲಿ ನೊಣ ಮೊಟ್ಟೆಯಿಟ್ಟು ಗಾಯದಲ್ಲಿ ಹುಳುಗಳಾದರೆ ಅವನ್ನು ವೈದ್ಯರೇ ತೆಗೆಯಬೇಕು. ಗಾಯವೇ ಕಾಣದೆ ಹಿಂಗಾಲುಗಳು ಹಠಾತ್ತನೆ ಸೋತು, ಪಾದ ತಣ್ಣಗಾಗಿ, ಬೆಕ್ಕು ನೋವಿನಿಂದ ಕಿರುಚುತ್ತಿದ್ದರೆ ಅದು ಪೆಟ್ಟಲ್ಲ. ಹೃದ್ರೋಗದಿಂದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿರುವ ಸಾಧ್ಯತೆಯಿದೆ.

ಸರ್ಕಾರಿ ಪಶು ಆಸ್ಪತ್ರೆಗಳು ದನಕರುಗಳಿಗೆ ಮಾತ್ರ ಎಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ, ಬೆಕ್ಕನ್ನೂ ಅಲ್ಲಿಗೆ ಒಯ್ಯಬಹುದು. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ ಹಾಗೂ ಶಿವಮೊಗ್ಗಗಳಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯಗಳಿವೆ. ಬೆಕ್ಕನ್ನು ತೋಳಿನಲ್ಲಿ ಎತ್ತಿಕೊಂಡು ಹೋಗುವ ಬದಲು ಗಾಳಿಯಾಡುವ ಬುಟ್ಟಿಯಲ್ಲಿ ಅಥವಾ ರಂಧ್ರ ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಒಯ್ಯುವುದು ಸುರಕ್ಷಿತ.

ಚಿಕಿತ್ಸೆಯ ನಂತರ

ಬೆಕ್ಕನ್ನು ಒಂದು ಕೋಣೆಯಲ್ಲಿಯೇ ಇರಿಸಿ, ಅಟ್ಟ, ಕಪಾಟುಗಳಿಗೆ ಜಿಗಿಯದಂತೆ ನೋಡಿಕೊಳ್ಳಬೇಕು. ಮಲಮೂತ್ರದ ತಟ್ಟೆಗೆ ಮರಳಿನ ಬದಲು ಹರಿದ ವೃತ್ತಪತ್ರಿಕೆಯ ಚೂರುಗಳನ್ನು ಹಾಕಿದರೆ ಗಾಯದೊಳಗೆ ಕಣ ಸೇರುವುದಿಲ್ಲ. ನೆಕ್ಕುವುದನ್ನು ತಡೆಯಲು ವೈದ್ಯರು ಕೊಡುವ ಲಾಳಿಕೆಯಾಕಾರದ ಕೊರಳಪಟ್ಟಿಯನ್ನು ಮರುಕದಿಂದ ತೆಗೆದುಹಾಕಬಾರದು. ಒರಟಾದ ನಾಲಿಗೆ ಹೊಲಿಗೆಯನ್ನೂ ಬಿಚ್ಚಬಲ್ಲದು.

ಪಟ್ಟಿ ಒಣಗಿರಬೇಕು. ದಿನಕ್ಕೆ ಎರಡು ಬಾರಿ ಅದನ್ನು ಪರೀಕ್ಷಿಸಬೇಕು. ಬೆರಳು ಊದಿದರೆ, ತಣ್ಣಗಾದರೆ, ವಾಸನೆ ಬಂದರೆ, ಬೆಕ್ಕು ಪಟ್ಟಿಯನ್ನು ಬಿಡದೆ ಕಚ್ಚುತ್ತಿದ್ದರೆ ಅದು ಬಿಗಿಯಾಗಿದೆ ಅಥವಾ ಒಳಗೆ ಸೋಂಕಾಗಿದೆ ಎಂದರ್ಥ. ಬಿಗಿದ ಪಟ್ಟಿ ರಕ್ತಸಂಚಾರ ನಿಲ್ಲಿಸಿ, ಮಾಯಬೇಕಿದ್ದ ಪಾದವನ್ನೇ ಕೊಳೆಯಿಸಬಲ್ಲದು. ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ತೆಗೆಯುತ್ತಾರೆ. ಕುಂಟು ನಿಂತಿತೆಂದು ರೋಗನಿರೋಧಕ ಔಷಧವನ್ನು ಅರ್ಧಕ್ಕೆ ನಿಲ್ಲಿಸಬಾರದು. ಬೆಕ್ಕು ಒಂದು ದಿನಕ್ಕಿಂತ ಹೆಚ್ಚು ಕಾಲ ಆಹಾರ ಮುಟ್ಟದಿದ್ದರೆ ವೈದ್ಯರಿಗೆ ತಿಳಿಸಬೇಕು. ದೀರ್ಘ ಉಪವಾಸದಿಂದ ಬೆಕ್ಕಿನ ಯಕೃತ್ತಿಗೆ ಹಾನಿಯಾಗುತ್ತದೆ.

ಆರೈಕೆ ಮಾಡುವವರ ರಕ್ಷಣೆ

ಚಿಕಿತ್ಸೆಯ ವೇಳೆ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆಯ ಬಗ್ಗೆ ವಿಚಾರಿಸಬೇಕು. ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುಳಿಯುವುದು ಅತ್ಯಪರೂಪ. ಬೆಕ್ಕಿಗೆ ಮೂರು ತಿಂಗಳು ತುಂಬಿದಾಗ ಲಸಿಕೆ ಹಾಕಿಸಿ, ವೈದ್ಯರು ಹೇಳಿದ ಅವಧಿಗೆ ಪುನಃ ಹಾಕಿಸುತ್ತಿದ್ದರೆ ಮನೆಮಂದಿಗೂ ನಿಶ್ಚಿಂತೆ.

ಕಾಲನ್ನು ಉಳಿಸಲಾಗದೆ ತೆಗೆಯಬೇಕಾಗಿ ಬಂದರೂ ಬಹುತೇಕ ಬೆಕ್ಕುಗಳು ಮೂರು ಕಾಲಿನಲ್ಲಿ ಓಡಾಡಲು, ಹತ್ತಿಳಿಯಲು ಬೇಗನೆ ಕಲಿಯುತ್ತವೆ. ಆದರೆ ಸಕಾಲದಲ್ಲಿ ತೊಳೆದು, ತೋರಿಸಿದ ಗಾಯಕ್ಕೆ ಆ ಗತಿ ಬರುವುದು ವಿರಳ. ವಾರಕ್ಕೊಮ್ಮೆ ಬೆಕ್ಕಿನ ನಾಲ್ಕೂ ಪಾದಗಳನ್ನು ಎತ್ತಿ ನೋಡುವ ಅಭ್ಯಾಸವಿರಿಸಿಕೊಂಡರೆ, ಗಾಯವಾದ ದಿನ ಅದು ಪಾದ ಮುಟ್ಟಗೊಡುತ್ತದೆ.