ಆನ್‌ಲೈನ್ ಮಾರಾಟ ಮತ್ತು ಹರಾಜು ಕಂಪನಿಗಳಲ್ಲಿ ಹೂಡಿಕೆ: ಕರ್ನಾಟಕದ ಚರಿತ್ರೆ

ಅಂತರ್ಜಾಲದಲ್ಲಿ ಸರಕು ಮಾರುವ, ಹರಾಜು ನಡೆಸುವ ಕಂಪನಿಗಳ ಷೇರುಗಳು ಪೇಟೆಗೆ ಬಂದದ್ದು 1990ರ ದಶಕದ ಕೊನೆಗೆ, ಅಮೆರಿಕದ ನಾಸ್‌ಡಾಕ್‌ನಲ್ಲಿ. ಅಮೆಜಾನ್ 1997ರ ಮೇ ತಿಂಗಳಲ್ಲೂ ಇಬೇ 1998ರ ಸೆಪ್ಟೆಂಬರ್‌ನಲ್ಲೂ 18 ಡಾಲರ್ ದರಕ್ಕೇ ಸಾರ್ವಜನಿಕರಿಗೆ ಷೇರು ನೀಡಿದವು. ದಾಸ್ತಾನಿನ ಗೊಡವೆಯಿಲ್ಲದೆ ಕಮಿಷನ್ ಮೇಲೆ ನಡೆಯುತ್ತಿದ್ದ ಇಬೇ ಆಗಲೇ ಲಾಭದಲ್ಲಿತ್ತು. ಗೋದಾಮು ಕಟ್ಟುತ್ತ ಹೋದ ಅಮೆಜಾನ್ ಮೊದಲ ಬಾರಿಗೆ ತ್ರೈಮಾಸಿಕ ಲಾಭ ಕಂಡದ್ದು 2001ರ ಕೊನೆಯಲ್ಲಿ.

1999ರ ಸೆಪ್ಟೆಂಬರ್ ಹೊತ್ತಿಗೆ ಅಮೆಜಾನ್ ಷೇರು ಮೂರು ಸಲ ವಿಭಜನೆಯಾಗಿ ಒಂದು ಹನ್ನೆರಡಾಗಿತ್ತು. ಅಂದರೆ ಮೊದಲಿಗೆ ಕೊಂಡವರಿಗೆ ಒಂದು ಷೇರು ಬಿದ್ದದ್ದು ಒಂದೂವರೆ ಡಾಲರಿಗೆ. ಅದೇ ಡಿಸೆಂಬರ್‌ನಲ್ಲಿ 100 ಡಾಲರ್ ದಾಟಿದ ಬೆಲೆ 2001ರ ಸೆಪ್ಟೆಂಬರ್ ಕೊನೆಗೆ 6 ಡಾಲರಿಗಿಂತ ಕೆಳಗಿಳಿಯಿತು. ಆಗಲೂ ಮೊದಲಿಗೆ ಕೊಂಡವರ ಹಣ ಸುಮಾರು ನಾಲ್ಕು ಪಟ್ಟಾಗಿತ್ತು. ಭರಾಟೆಯ ಹೊತ್ತಿನಲ್ಲಿ ಕೊಂಡವರು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕಳೆದುಕೊಂಡರು.

ಅಮೆರಿಕದಲ್ಲಿ ನೆಲೆಸಿದ್ದ ಕನ್ನಡಿಗರಿಗೆ ಈ ಷೇರು ಕೊಳ್ಳಲು ಅಡ್ಡಿಯಿರಲಿಲ್ಲ. ಊರಿನಲ್ಲಿದ್ದವರಿಗೆ ಇತ್ತು. ಉದಾಹರಣೆಗೆ, ಬ್ಯಾಂಕುಗಳ ತವರಾದ ಮಂಗಳೂರಿಗೆ ಷೇರು ವ್ಯವಹಾರ ಹೊಸದಲ್ಲ. ನಗರಕ್ಕೆ ತನ್ನದೇ ಷೇರು ವಿನಿಮಯ ಕೇಂದ್ರವೂ ಇತ್ತು. ನಗರದ ಕೊಟ್ಟಾರದಲ್ಲಿ ಇನ್ಫೋಸಿಸ್ ಕಚೇರಿ ತೆರೆದಿತ್ತು. 1993ರಲ್ಲಿ 95 ರೂಪಾಯಿಗೆ ನೀಡಿದ ಇನ್ಫೋಸಿಸ್ ಷೇರು ಇಲ್ಲಿಯವರ ಕೈಗೆಟುಕುವಂಥದಾಗಿತ್ತು. 1999ರ ಮಾರ್ಚ್‌ನಲ್ಲಿ ಆ ಕಂಪನಿ ನಾಸ್‌ಡಾಕ್ ಸೇರಿತು. ಅದೇ ನಾಸ್‌ಡಾಕ್‌ನ ಇಬೇ, ಅಮೆಜಾನ್ ಮಾತ್ರ ಕೈಗೆಟುಕಲಿಲ್ಲ. ಏಕೆಂದರೆ ರಿಸರ್ವ್ ಬ್ಯಾಂಕ್ ವರ್ಷಕ್ಕೆ 25,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಲು ಸಾಮಾನ್ಯರಿಗೆ ಅವಕಾಶ ಕೊಟ್ಟದ್ದು 2004ರ ಫೆಬ್ರವರಿಯಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಮಂಗಳೂರು ಷೇರು ವಿನಿಮಯ ಕೇಂದ್ರದ ಮಾನ್ಯತೆ ನವೀಕರಿಸಲು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಒಪ್ಪಲಿಲ್ಲ.

ದೇಶದೊಳಗೆ ಹುಟ್ಟಿದ ಕಂಪನಿಗಳೂ ಸಣ್ಣ ಹೂಡಿಕೆದಾರರಿಗೆ ದಕ್ಕಲಿಲ್ಲ. 1999ರಲ್ಲಿ ಕೆ. ವೈತೀಶ್ವರನ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಕಟ್ಟಿದ ಫ್ಯಾಬ್‌ಮಾರ್ಟ್ ಖಾಸಗಿ ಬಂಡವಾಳದ ಮೇಲೆ ನಡೆಯಿತು. ಮುಂದೆ ಇಂಡಿಯಾಪ್ಲಾಜಾ ಎನಿಸಿಕೊಂಡು 2013ರಲ್ಲಿ ಮುಚ್ಚಿತು. ಮುಂಬೈಯ ಹರಾಜು ತಾಣ ಬಾಜೀಯನ್ನು ಇಬೇ 2004ರಲ್ಲಿ ಸುಮಾರು 5 ಕೋಟಿ ಡಾಲರಿಗೆ ಕೊಂಡಿತು. 2007ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಶುರುವಾದ ಫ್ಲಿಪ್‌ಕಾರ್ಟ್‌ಗೆ 2009ರಿಂದ ಹೂಡಿಕೆ ಸಂಸ್ಥೆಗಳಾದ ಆಕ್ಸೆಲ್, ಟೈಗರ್ ಗ್ಲೋಬಲ್ ಹಣ ಹಾಕಿದವು. ಮಾತೃಸಂಸ್ಥೆ ಸಿಂಗಾಪುರದಲ್ಲಿ ನೋಂದಣಿಯಾದ್ದರಿಂದ ಮತ್ತು ಷೇರು ಪೇಟೆಗೇ ಬಾರದ್ದರಿಂದ, ಅದರ ಗ್ರಾಹಕರಾಗಿದ್ದ ಲಕ್ಷಾಂತರ ಜನರಿಗೆ ಪಾಲುದಾರರಾಗುವ ದಾರಿಯಿರಲಿಲ್ಲ. ಕರ್ನಾಟಕದ ಮಟ್ಟಿಗೆ ಈ ಚರಿತ್ರೆಯ ದೊಡ್ಡ ಕೊರತೆ ಇದೇ.

2017ರಲ್ಲಿ ಇಬೇ ತನ್ನ ಭಾರತದ ವ್ಯವಹಾರವನ್ನು ಫ್ಲಿಪ್‌ಕಾರ್ಟ್‌ಗೆ ಒಪ್ಪಿಸಿ 50 ಕೋಟಿ ಡಾಲರ್ ಹೂಡಿತು. ಮರುವರ್ಷ ವಾಲ್‌ಮಾರ್ಟ್ 1,600 ಕೋಟಿ ಡಾಲರಿಗೆ ಫ್ಲಿಪ್‌ಕಾರ್ಟ್‌ನ ಶೇ. 77ರಷ್ಟು ಪಾಲು ಕೊಂಡಾಗ, ಇಬೇಗೆ ಅದರ ಪಾಲಿನ ಬಾಬ್ತು ಸುಮಾರು 110 ಕೋಟಿ ಡಾಲರ್ ಸಿಕ್ಕಿತು. ಇತ್ತ ಭಾರತದ ಷೇರುಪೇಟೆಗೆ ಬಂದ ಮೊದಲ ಇ-ವಾಣಿಜ್ಯ ಕಂಪನಿ ಕರ್ನಾಟಕದ್ದಲ್ಲ, ಗುಜರಾತಿನ ಇನ್ಫಿಬೀಮ್. ಅದು 2016ರ ಏಪ್ರಿಲ್‌ನಲ್ಲಿ ನೋಂದಣಿಯಾಯಿತು.